ಕೆಟ್ಟ ಜೀನು ಏಕೆ ಅಳಿಯಲಿಲ್ಲ? ಒಂದು ಲಾಭ-ನಷ್ಟದ ಲೆಕ್ಕ

ಮಕ್ಕಳನ್ನು ಚಿಕ್ಕ ವಯಸ್ಸಿನಲ್ಲೇ ಕೊಲ್ಲುವ ಕಾಯಿಲೆ ವಂಶದಿಂದ ಬರುವುದಾದರೆ, ಆ ಮಕ್ಕಳ ಜೊತೆಗೇ ಅದೂ ಮುಗಿದುಹೋಗಬೇಕಿತ್ತು. ಆದರೆ ಸಿಕಲ್ ಸೆಲ್ ರೋಗ, ಥಲಸ್ಸೇಮಿಯಾ ಎರಡೂ ಸಾವಿರಾರು ವರ್ಷಗಳಿಂದ ಉಳಿದಿವೆ. ಏಕೆ? ನಾನು ಕಾಮರ್ಸ್ ವಿದ್ಯಾರ್ಥಿ. ಆದರೂ ಇದರ ಉತ್ತರ ನನಗೆ ಅರ್ಥವಾಯಿತು, ಏಕೆಂದರೆ ಅದು ಲಾಭ-ನಷ್ಟದ ಲೆಕ್ಕವೇ ಆಗಿದೆ.

ನಮ್ಮ ರಕ್ತ ಕೆಂಪಾಗಿರುವುದು ಹಿಮೋಗ್ಲೋಬಿನ್‌ನಿಂದ. ಅದನ್ನು ತಯಾರಿಸುವ ಜೀನಿನ ಒಂದು ಪ್ರತಿ ತಾಯಿಯಿಂದ, ಇನ್ನೊಂದು ತಂದೆಯಿಂದ ಬರುತ್ತದೆ. ಎರಡೂ ಸಿಕಲ್ ಜೀನುಗಳಾದರೆ ರಕ್ತಕಣಗಳು ಕುಡುಗೋಲಿನಂತೆ ಬಾಗಿ, ಸಣ್ಣ ರಕ್ತನಾಳಗಳಲ್ಲಿ ಸಿಕ್ಕಿಕೊಂಡು ತೀವ್ರ ನೋವು ಕೊಡುತ್ತವೆ. ಒಂದು ಮಾತ್ರ ಇದ್ದರೆ ಆ ವ್ಯಕ್ತಿ ವಾಹಕ. ಸಾಮಾನ್ಯವಾಗಿ ಆರೋಗ್ಯವಾಗಿಯೇ ಇರುತ್ತಾರೆ.

1954ರಲ್ಲಿ ಆಂಟನಿ ಆಲಿಸನ್ ಎಂಬ ವೈದ್ಯರು ಪೂರ್ವ ಆಫ್ರಿಕಾದ ಅಧ್ಯಯನದಿಂದ ಒಂದು ವಿಷಯ ತೋರಿಸಿದರು. ಮಲೇರಿಯಾ ಹೆಚ್ಚಿರುವ ಕಡೆ ಈ ಜೀನೂ ಹೆಚ್ಚು. ವಾಹಕ ಮಕ್ಕಳಿಗೆ ಮಲೇರಿಯಾ ಬಂದರೂ ಅದು ಪ್ರಾಣಾಪಾಯದ ಹಂತಕ್ಕೆ ಹೋಗುವುದು ಬಹಳ ಕಡಿಮೆ.

ಈಗ ಲೆಕ್ಕ ನೋಡೋಣ. ಒಂದು ಊರಿನ ಜೀನುಗಳಲ್ಲಿ ಶೇ 10 ಸಿಕಲ್ ಜೀನು ಎಂದುಕೊಳ್ಳಿ. ಹುಟ್ಟುವ 100 ಮಕ್ಕಳಲ್ಲಿ ಸರಾಸರಿ 81 ಮಂದಿಗೆ ಆ ಜೀನು ಇರುವುದಿಲ್ಲ, 18 ಮಂದಿ ವಾಹಕರು, 1 ಮಗುವಿಗೆ ರೋಗ. ಮಲೇರಿಯಾ ಇರುವಲ್ಲಿ ಆ 18 ಮಂದಿ ಬದುಕಿ ದೊಡ್ಡವರಾಗಿ ಜೀನನ್ನು ಮುಂದಿನ ಪೀಳಿಗೆಗೆ ಕೊಡುತ್ತಾರೆ. ಒಂದು ಮಗುವಿನ ನಷ್ಟ ಅಲ್ಲಿ ತುಂಬಿಹೋಗುತ್ತದೆ.

ಮಲೇರಿಯಾ ಹೋದ ಮೇಲೆ? ಲಾಭ ನಿಂತಿತು, ಆದರೂ ಜೀನು ಬೇಗ ಹೋಗುವುದಿಲ್ಲ. ಮೇಲಿನ ಲೆಕ್ಕದಲ್ಲಿ ಒಟ್ಟು 20 ಸಿಕಲ್ ಜೀನುಗಳಿವೆ. ಅವುಗಳಲ್ಲಿ 18 ಇರುವುದು ಆರೋಗ್ಯವಂತ ವಾಹಕರಲ್ಲಿ.

ಇದು ದೂರದ ಆಫ್ರಿಕಾದ ಮಾತಷ್ಟೇ ಅಲ್ಲ. 1952ರಲ್ಲೇ ನೀಲಗಿರಿಯ ಬುಡಕಟ್ಟು ಜನರಲ್ಲಿ ಸಿಕಲ್ ಜೀನು ಕಂಡುಬಂದಿತ್ತು. ಥಲಸ್ಸೇಮಿಯಾ ಜೀನು ಉಳಿದದ್ದಕ್ಕೂ ಮಲೇರಿಯಾವೇ ಮುಖ್ಯ ಕಾರಣ ಎನ್ನುತ್ತಾರೆ. ತೀವ್ರ ಥಲಸ್ಸೇಮಿಯಾ ಇರುವ ಮಗುವಿಗೆ ಎರಡರಿಂದ ನಾಲ್ಕು ವಾರಕ್ಕೊಮ್ಮೆ ರಕ್ತ ಕೊಡಿಸುತ್ತಲೇ ಇರಬೇಕು.

ಇಬ್ಬರು ವಾಹಕರು ಮದುವೆಯಾದರೆ ಪ್ರತಿ ಬಸಿರಿನಲ್ಲೂ ಮಗುವಿಗೆ ರೋಗ ಬರುವ ಸಾಧ್ಯತೆ ಶೇ 25. ಮೊದಲ ಮಗುವಿಗೆ ಬಂತು, ಇನ್ನು ಮೂವರಿಗೆ ಬರುವುದಿಲ್ಲ ಎಂಬ ಲೆಕ್ಕ ತಪ್ಪು. ಚಾಚಾ, ಮಾಮೂ ಮಕ್ಕಳ ನಡುವೆ ಮದುವೆಯಾದಾಗ ಒಂದೇ ಅಜ್ಜ-ಅಜ್ಜಿಯಿಂದ ಬಂದ ಜೀನು ಇಬ್ಬರಲ್ಲೂ ಇರುವ ಸಾಧ್ಯತೆ ಹೆಚ್ಚು. ಇರಾನಿನಲ್ಲಿ 1997ರಿಂದ ಮದುವೆಗೆ ಮುಂಚೆ ಥಲಸ್ಸೇಮಿಯಾ ಪರೀಕ್ಷೆ ಕಡ್ಡಾಯ ಮಾಡಿದ್ದಾರೆ.

ನಮ್ಮಲ್ಲಿ ರಿಷ್ತಾ ನೋಡುವಾಗ ಓದು, ಕೆಲಸ, ಮನೆತನ ಎಲ್ಲ ವಿಚಾರಿಸುತ್ತಾರೆ. ಒಂದು ರಕ್ತ ಪರೀಕ್ಷೆಯನ್ನೂ ಅದಕ್ಕೆ ಸೇರಿಸಿದರೆ ಯಾರ ಮರ್ಯಾದೆಯೂ ಹೋಗುವುದಿಲ್ಲ. ವಾಹಕರಾಗಿರುವುದು ರೋಗವಲ್ಲ, ದೋಷವೂ ಅಲ್ಲ. ಪ್ರಕೃತಿಯ ಲೆಕ್ಕದಲ್ಲಿ 100ರಲ್ಲಿ ಒಂದು ಮಗು ಸಣ್ಣ ನಷ್ಟವಿರಬಹುದು. ಆ ಮಗುವಿನ ಅಮ್ಮಿಗೆ ಅದು ಸಣ್ಣದಲ್ಲ.