ಗುಮ್ಮಟಗಳ ನಾಡಿನಲ್ಲಿ ಐದು ದಿನ

ಚೌಕವಾದ ಪೆಟ್ಟಿಗೆಯೊಂದರ ಬಾಯಿಯ ಮೇಲೆ ಅಷ್ಟೇ ಅಗಲದ ದುಂಡು ಬೋಗುಣಿಯನ್ನು ಕವುಚಿ ಇಡಿರಿ. ಬೋಗುಣಿಯ ಅಂಚು ನಾಲ್ಕು ಪಕ್ಕಗಳ ನಡುವನ್ನು ಮಾತ್ರ ಮುಟ್ಟುವುದು. ನಾಲ್ಕು ಮೂಲೆಗಳೂ ತೆರೆದೇ ಉಳಿಯುವುವು. ಕೋಣೆ ಚೌಕ, ಗುಮ್ಮಟ ವೃತ್ತ. ಇವೆರಡನ್ನೂ ಕೂಡಿಸುವುದು ಹೇಗೆ? ಈ ತೊಡಕನ್ನು ಬಿಡಿಸುವುದರಲ್ಲಿ ಬಹಮನಿ ಮತ್ತು ಆದಿಲಶಾಹಿ ಸುಲ್ತಾನರ ಕಾಲದ ಕಟ್ಟಡಗಾರರು ಸುಮಾರು ಮುನ್ನೂರು ವರ್ಷ ದುಡಿದರು. ಅವರ ದುಡಿಮೆಯನ್ನು ಕಾಲಕ್ರಮದಲ್ಲಿ ನೋಡಬೇಕಾದರೆ ಮೊದಲು ಕಲಬುರಗಿ, ಅನಂತರ ಬೀದರ, ಕಡೆಗೆ ವಿಜಯಪುರ. ದಾರಿಯ ಹೊತ್ತೂ ಸೇರಿ ಐದು ದಿನಗಳು ಸಾಕು. ಗೋಳಗುಮ್ಮಟಕ್ಕೇ ಮೊದಲು ಓಡುವುದು ಕಾದಂಬರಿಯ ಕೊನೆಯ ಪುಟವನ್ನು ಮೊದಲು ಓದಿದಂತೆ.

ಚೆನ್ನೈಯಿಂದ ಮುಂಬಯಿಗೆ ಹೋಗುವ ರೈಲುದಾರಿಯಲ್ಲೇ ಕಲಬುರಗಿ ಇದೆ. ಬಹಮನಿ ರಾಜ್ಯವು 1347ರಲ್ಲಿ ಸ್ಥಾಪಿತವಾದಾಗ ರಾಜಧಾನಿಯಾದುದು ಈ ಊರೇ. ಕೋಟೆಯೊಳಗಿನ ಜಾಮಿ ಮಸೀದಿ 1367ರದು. ನಮ್ಮ ತಿರುವಲ್ಲಿಕ್ಕೇಣಿಯ ವಾಲಾಜಾ ಮಸೀದಿಯನ್ನು ಕಂಡವರಿಗೆ ಅದರ ಮುಂದಿನ ವಿಶಾಲವಾದ ಬಯಲಂಗಳ ನೆನಪಿರಬಹುದು. ಕಲಬುರಗಿಯಲ್ಲಿ ಆ ಅಂಗಳವೇ ಇಲ್ಲ; 216 ಅಡಿ ಉದ್ದ, 176 ಅಡಿ ಅಗಲದ ಇಡೀ ಕಟ್ಟಡವನ್ನು ಸಾಲುಸಾಲಾದ ಚಿಕ್ಕ ಗುಮ್ಮಟಗಳು ಮುಚ್ಚಿವೆ. ಊರಿನ ಇನ್ನೊಂದೆಡೆ ಹಫ್ತ್ ಗುಂಬಜ್ ಎಂಬ ಗೋರಿಗಳಲ್ಲಿ ಮೂಲೆಗಳನ್ನು ಗಮನಿಸಿರಿ. ಅಲ್ಲಿ ಮೂಲೆಗೆ ಅಡ್ಡಲಾಗಿ ಪುಟ್ಟ ಕಮಾನು ಕಟ್ಟಿ, ಚೌಕವನ್ನು ಎಂಟು ಪಕ್ಕದ ಆಕೃತಿಯಾಗಿ ಮಾರ್ಪಡಿಸಿದ್ದಾರೆ. ಎಂಟು ಪಕ್ಕವಾದ ಮೇಲೆ ವೃತ್ತ ದೂರವಿಲ್ಲ. ಆದರೆ ಗೋಡೆಗಳು ಬಲು ದಪ್ಪ, ಗುಮ್ಮಟ ತಗ್ಗು. ಧೈರ್ಯ ಇನ್ನೂ ಬಂದಿಲ್ಲ.

ಬೀದರದಲ್ಲಿ ಎಲ್ಲರೂ ಮಹಮೂದ್ ಗವಾನನ ಮದ್ರಸಕ್ಕೆ ಹೋಗುವರು, ಹೋಗತಕ್ಕದ್ದೇ. 1472ರ ಈ ವಿದ್ಯಾಲಯದಲ್ಲಿ ಬಣ್ಣದ ಹೆಂಚಿನ ಬಿಲ್ಲೆಗಳು ಇನ್ನೂ ಅಲ್ಲಲ್ಲಿ ಹೊಳೆಯುತ್ತಿವೆ. ಅದನ್ನು ಕಟ್ಟಿಸಿದ ಮಂತ್ರಿಯನ್ನು 1481ರಲ್ಲಿ ಒಂದು ಖೋಟಾ ಪತ್ರದ ನೆಪದಿಂದ ಕೊಲ್ಲಿಸಿದರು. ಆದರೆ ನಮ್ಮ ಪಾಠ ಇರುವುದು ಊರಾಚೆಯ ಅಷ್ಟೂರಿನಲ್ಲಿ. ಅಲ್ಲಿ ಸುಲ್ತಾನ ಹುಮಾಯೂನನ ಗೋರಿ ಸಿಡಿಲು ಬಡಿದು ಸೀಳಿದೆ. ಗುಮ್ಮಟದ ಒಂದು ಪಾಲು ಮಾತ್ರ ಉಳಿದಿದೆ. ಕೊಯ್ದಿಟ್ಟ ಹಣ್ಣಿನಂತೆ ಅದರ ಒಳದಪ್ಪ, ಬಾಗು ಎಲ್ಲವೂ ಬಯಲಾಗಿವೆ. ಹಾಳೆಂದು ಅದನ್ನು ದಾಟಿ ಹೋಗಬೇಡಿರಿ.

ಹಂಪೆ, ಬೇಲೂರುಗಳನ್ನು ನಮ್ಮವೆನ್ನುವ ನೀವು ಇವುಗಳನ್ನೂ ನಮ್ಮವೆನ್ನಬಹುದೇ ಎಂದು ಕೇಳುವಿರಾದರೆ, ಪಕ್ಕದಲ್ಲೇ ಇರುವ ಅಹಮದ್ ಷಾ ವಲಿಯ ಗೋರಿಗೆ ಬನ್ನಿರಿ. ಅಲ್ಲಿನ ಉರುಸಿನಲ್ಲಿ ಹಿಂದೂಗಳೂ ಮುಸಲ್ಮಾನರೂ ಕೂಡುವರು; ಜಂಗಮರೊಬ್ಬರು ಬಂದು ಪೂಜೆ ಸಲ್ಲಿಸುವ ವಾಡಿಕೆ ಇದೆ. ಆ ಸೀಮೆಯ ಜನ ಈ ಪ್ರಶ್ನೆಯನ್ನು ಕೇಳಿಕೊಂಡಂತೆಯೇ ಕಾಣುವುದಿಲ್ಲ.

ವಿಜಯಪುರದಲ್ಲಿ ಮೊದಲು ಬಾರಾ ಕಮಾನು. ಎರಡನೆಯ ಅಲಿ ಆದಿಲ್ ಷಾ 1672ರಲ್ಲಿ ತೀರಿಕೊಂಡನು. ಅವನ ಗೋರಿ ಅರ್ಧಕ್ಕೇ ನಿಂತಿತು. ಬರಿಯ ಕಮಾನುಗಳು ಆಕಾಶದಡಿಯಲ್ಲಿ ನಿಂತಿವೆ. ಕಲ್ಲು ಕಲ್ಲನ್ನು ಒತ್ತಿಕೊಂಡು ನಿಲ್ಲುವ ಬಗೆಯನ್ನು ಇಲ್ಲಿ ಕಂಡುಕೊಂಡ ಮೇಲೆಯೇ ಗೋಳಗುಮ್ಮಟದ ಒಳಹೊಕ್ಕಿರಿ.

ಇದು 1656ರಲ್ಲಿ ತೀರಿಕೊಂಡ ಮಹಮ್ಮದ್ ಆದಿಲ್ ಷಾನ ಗೋರಿ. ಒಳಗೆ ಪಕ್ಕವೊಂದಕ್ಕೆ ಸುಮಾರು 135 ಅಡಿಯ ಚೌಕ. ನಡುವೆ ಒಂದು ಕಂಬವೂ ಇಲ್ಲ. ಗುಮ್ಮಟದ ಹೊರ ಅಡ್ಡಳತೆ ಸುಮಾರು 144 ಅಡಿ. ಇದರ ಗುಟ್ಟನ್ನು ತಿಳಿಯಲು ಒಂದೇ ಅಳತೆಯ ಎರಡು ಚೌಕ ಕಾಗದಗಳನ್ನು ಒಂದರ ಮೇಲೊಂದಿಟ್ಟು, ಮೇಲಿನದನ್ನು 45 ಡಿಗ್ರಿ ತಿರುಗಿಸಿರಿ. ಎಂಟು ಮೊನೆಗಳ ನಕ್ಷತ್ರವೊಂದು ಮೂಡುವುದು. ಎರಡು ಕಾಗದಗಳೂ ಹೊಂದಿಕೊಂಡಿರುವ ನಡುಭಾಗ ಎಂಟು ಪಕ್ಕದ್ದಾಗಿರುವುದು. ಆ ಎರಡು ಚೌಕಗಳ ಎಂಟು ಪಕ್ಕಗಳೇ ಗೋಳಗುಮ್ಮಟದ ಎಂಟು ಮಹಾಕಮಾನುಗಳು. ಒಂದನ್ನೊಂದು ಹಾದುಹೋಗುತ್ತ ಅವು ಮೂಲೆಗಳನ್ನು ತುಂಬಿ, ಕೋಣೆಯ ಅಗಲವನ್ನು ಕಿರಿದುಮಾಡಿ, ಗುಮ್ಮಟಕ್ಕೆ ಪೀಠವಾಗುವುವು.

ಇಷ್ಟೇ ಆಗಿದ್ದರೆ ಅದು ಜಾಣ್ಮೆ ಮಾತ್ರ. ನಮ್ಮ ಶೋಳಿಂಗನಲ್ಲೂರಿನಲ್ಲಿ ಏಳುತ್ತಿರುವ ಮಹಡಿಗಳಲ್ಲಿ ಕಬ್ಬಿಣದ ಸರಳುಗಳನ್ನು ಕಂಡಿದ್ದೀರಷ್ಟೆ? ಕಾಂಕ್ರೀಟು ಎಳೆತಕ್ಕೆ ಬಿರಿಯದಂತೆ ಹಿಡಿಯುವುದು ಆ ಸರಳು. ಇಟ್ಟಿಗೆ ಸುಣ್ಣಗಳಿಗೂ ಒತ್ತಡವನ್ನು ತಾಳುವ ಶಕ್ತಿಯುಂಟು, ಎಳೆತವನ್ನು ತಾಳುವ ಶಕ್ತಿ ತೀರ ಕಡಿಮೆ. ಗುಮ್ಮಟವಾದರೋ ತನ್ನ ಭಾರದಿಂದಲೇ ಬುಡವನ್ನು ಸದಾ ಹೊರಕ್ಕೆ ತಳ್ಳುತ್ತಿರುವುದು. ತಡೆಯದಿದ್ದರೆ ಗೋಡೆ ಬಿರಿಯುವುದು. ಇಲ್ಲಿ ಒಳಕ್ಕೆ ಚಾಚಿರುವ ಕಮಾನುಗಳ ಮೇಲಣ ಭಾರೀ ಗಾರೆಗೆಲಸ ಒಳಗಡೆಗೆ ತೂಗುತ್ತ, ಗುಮ್ಮಟದ ಹೊರನೂಕನ್ನು ಬಹುಮಟ್ಟಿಗೆ ಸರಿದೂಗಿಸುವುದು. ಮೇಲೆ ಸುತ್ತಲೂ ಇರುವ ಪಿಸುಮಾತಿನ ಮೊಗಸಾಲೆ ಈ ಚಾಚಿನ ಮೇಲೆಯೇ ನಿಂತಿದೆ.

ಮೂಲೆಯ ಮಿನಾರಿನ ಮೆಟ್ಟಿಲೇರಿ ಅಲ್ಲಿಗೆ ಹೋಗಬಹುದು. ಬೆಳಗ್ಗೆ ಬಾಗಿಲು ತೆರೆಯುತ್ತಲೇ ಹೋಗಿರಿ. ಹೊತ್ತೇರಿದ ಮೇಲೆ ಬರುವವರು ಕೂಗುವುದನ್ನೇ ನೋಟವೆಂದು ತಿಳಿದವರು. ಒಬ್ಬರು ಗೋಡೆಗೆ ಬಾಯಿ ಹಚ್ಚಿ ಮೆಲ್ಲಗೆ ಒಂದು ಕನ್ನಡ ಮಾತನ್ನಾಡಲಿ. ಎದುರು ಬದಿಯವರು ಕಿವಿಗೊಟ್ಟು ನಿಲ್ಲಲಿ.