ಕಾಲ್ಚೆಂಡಾಟದ ಕೆಳಗಿನ ಮೆಟ್ಟಿಲುಗಳು

ಜಾತ್ರೆಯ ದಿನ ತೇರು ಸಾಗುವಾಗ ನೆರೆದವರ ಕಣ್ಣೆಲ್ಲ ಕಳಸದ ಮೇಲಿರುತ್ತದೆ. ಉತ್ತತ್ತಿ, ಬಾಳೆಹಣ್ಣುಗಳನ್ನು ಜನರು ಎಸೆಯುವುದೂ ಅದರತ್ತಲೇ. ಗಾಲಿಯ ಬಳಿ ಬಾಗಿ ನಿಂತು, ತೇರು ದಾರಿ ತಪ್ಪದಂತೆ ಸನ್ನೆ ಕೊಡುವ ನಾಲ್ಕಾರು ಮಂದಿಯನ್ನು ಗಮನಿಸುವವರು ವಿರಳ. ಅವರು ಒಂದು ಕ್ಷಣ ಮೈಮರೆತರೆ ತೇರು ಬೀದಿಯ ಬದಿಗೆ ಸರಿದುಬಿಡುತ್ತದೆ. ಕ್ರೀಡಾಲೋಕದ ಸ್ಥಿತಿಯೂ ಬಹುಮಟ್ಟಿಗೆ ಇಂಥದೇ ಆಗಿದೆ. ಇಂಗ್ಲೆಂಡಿನ ಕಾಲ್ಚೆಂಡಾಟವೆಂದೊಡನೆ ಕೋಟ್ಯಂತರ ಪೌಂಡುಗಳ ವಹಿವಾಟಿನ ಪ್ರೀಮಿಯರ್ ಲೀಗು, ಅದರ ಪ್ರಸಿದ್ಧ ತಂಡಗಳು ನೆನಪಿಗೆ ಬರುತ್ತವೆ. ಆದರೆ ಆ ದೇಶದಲ್ಲಿ ಒಂದೂವರೆ ಶತಮಾನದಿಂದ ಆಟದ ತೇರಿಗೆ ಸನ್ನೆ ಕೊಡುತ್ತ ಬಂದಿರುವವು ಊರೂರಿನ ಸಣ್ಣ ಸಂಘಗಳು. ಅವು ಆಡುವ ಕೆಳಗಿನ ಲೀಗುಗಳು ಹೇಗೆ ಹುಟ್ಟಿದವು, ಹೇಗೆ ನಡೆಯುತ್ತವೆ, ಯಾವ ಆಧಾರದ ಮೇಲೆ ನಿಂತಿವೆ ಎಂಬುದನ್ನು ತಿಳಿಯುವುದು ಯಾವ ಸಾರ್ವಜನಿಕ ಸಂಸ್ಥೆಯವರಿಗಾದರೂ ಪ್ರಯೋಜನಕರವಾದ ವಿಷಯ.

ಲೀಗು ಪದ್ಧತಿಯ ಉಗಮ

ಇಂದಿಗೂ ಉಳಿದಿರುವ ಕಾಲ್ಚೆಂಡಿನ ಸಂಘಗಳಲ್ಲಿ ಅತ್ಯಂತ ಹಳೆಯದು 1857ರಲ್ಲಿ ಸ್ಥಾಪನೆಯಾದ ಷೆಫೀಲ್ಡ್ ಕ್ಲಬ್. ಅದು ಇಂದಿಗೂ ಕೆಳಗಿನ ಮೆಟ್ಟಿಲುಗಳಲ್ಲಿಯೇ ಆಡುತ್ತಿದೆ ಎಂಬುದು ಗಮನಾರ್ಹ. 1863ರಲ್ಲಿ ಲಂಡನ್ನಿನಲ್ಲಿ ಫುಟ್‌ಬಾಲ್ ಅಸೋಸಿಯೇಷನ್ ಸ್ಥಾಪಿತವಾಗಿ ಆಟಕ್ಕೆ ಒಂದೇ ನಿಯಮಾವಳಿ ರೂಪುಗೊಳ್ಳತೊಡಗಿತು. 1885ರಲ್ಲಿ ಆಟಗಾರರಿಗೆ ಸಂಬಳ ಕೊಡುವುದಕ್ಕೆ ಅನುಮತಿ ದೊರೆಯಿತು. ಸಂಬಳವೆಂದ ಮೇಲೆ ವಾರವಾರವೂ ಆದಾಯ ಬೇಕು. ಆದಾಯಕ್ಕೆ ನಿಶ್ಚಿತವಾದ ಪಂದ್ಯಗಳು ಬೇಕು. ಆದರೆ ಆಗಿನ ಪಂದ್ಯಗಳು ಬಹುತೇಕ ಸ್ನೇಹದ ಪಂದ್ಯಗಳು. ಎದುರಾಳಿ ತಂಡ ಕೊನೆಯ ಗಳಿಗೆಯಲ್ಲಿ ಬಾರದೆ ಹೋದರೆ ಕೇಳುವವರಿರಲಿಲ್ಲ. ಈ ಅನಿಶ್ಚಿತತೆಯನ್ನು ನೀಗಿಸಲು ವಿಲಿಯಂ ಮೆಗ್ರೆಗರ್ ಎಂಬವರ ಪ್ರಯತ್ನದಿಂದ 1888ರಲ್ಲಿ ಹನ್ನೆರಡು ಸಂಘಗಳ ಫುಟ್‌ಬಾಲ್ ಲೀಗು ಆರಂಭವಾಯಿತು. ಪ್ರತಿಯೊಂದು ತಂಡವೂ ಉಳಿದ ಪ್ರತಿಯೊಂದು ತಂಡದೊಡನೆ ಎರಡು ಬಾರಿ, ತನ್ನ ಮೈದಾನದಲ್ಲೊಮ್ಮೆ ಎದುರಾಳಿಯ ಮೈದಾನದಲ್ಲೊಮ್ಮೆ, ಆಡಬೇಕೆಂಬುದು ಅದರ ಸರಳ ಸೂತ್ರ. ಗೊತ್ತುಪಡಿಸಿದ ದಿನದಂದು ಬಂದೇ ತೀರಬೇಕೆಂಬ ಕಟ್ಟುಪಾಡೇ ಲೀಗಿನ ಜೀವಾಳ.

ಈ ಸೂತ್ರವನ್ನು ಹವ್ಯಾಸಿಗಳು ಬೇಗನೆ ತಮ್ಮದಾಗಿಸಿಕೊಂಡರು. ಮರುವರ್ಷವೇ, ಅಂದರೆ 1889ರಲ್ಲಿ, ಈಶಾನ್ಯ ಇಂಗ್ಲೆಂಡಿನಲ್ಲಿ ನಾರ್ದರ್ನ್ ಲೀಗು ಹುಟ್ಟಿತು. 1905ರಲ್ಲಿ ಲಂಡನ್ ಸುತ್ತಮುತ್ತಲಿನ ಹವ್ಯಾಸಿ ಸಂಘಗಳು ಇಸ್ತ್ಮಿಯನ್ ಲೀಗನ್ನು ಕಟ್ಟಿಕೊಂಡವು. ಗೌರವವೇ ಸಾಕು ಎಂಬರ್ಥದ ಲ್ಯಾಟಿನ್ ನುಡಿ ಅದರ ಧ್ಯೇಯವಾಕ್ಯವಾಗಿತ್ತು. ಅದಕ್ಕೆ ತಕ್ಕಂತೆ ಆರಂಭದಲ್ಲಿ ಗೆದ್ದವರಿಗೆ ಬಟ್ಟಲನ್ನಾಗಲಿ ಪದಕವನ್ನಾಗಲಿ ಕೊಡುವ ಪದ್ಧತಿಯೂ ಅಲ್ಲಿರಲಿಲ್ಲ.

ಹವ್ಯಾಸಿ ಎಂಬ ಮಾತಿನ ಹಿಂದಿನ ಸತ್ಯ

ಹವ್ಯಾಸಿಗಳಿಗೆಂದೇ 1893-94ರಲ್ಲಿ ಅಮೆಚೂರ್ ಕಪ್ ಸ್ಪರ್ಧೆ ಆರಂಭವಾಯಿತು. ಬಿಷಪ್ ಆಕ್ಲಂಡ್ ಎಂಬ ಸಣ್ಣ ಪಟ್ಟಣದ ಸಂಘ ಅದನ್ನು ಹತ್ತು ಬಾರಿ ಗೆದ್ದು ದಾಖಲೆ ಸ್ಥಾಪಿಸಿತು. 1954ರಲ್ಲಿ ಆ ಸಂಘವೂ ನೆರೆಯ ಕ್ರೂಕ್ ಟೌನ್ ಸಂಘವೂ ಸೆಣಸಿದ ಅಂತಿಮ ಪಂದ್ಯವನ್ನು ನೋಡಲು ವೆಂಬ್ಲಿ ಕ್ರೀಡಾಂಗಣದಲ್ಲಿ ಒಂದು ಲಕ್ಷ ಜನರು ಸೇರಿದ್ದರೆಂಬುದರಿಂದ ಹವ್ಯಾಸಿ ಆಟಕ್ಕೆ ಆಗ ಇದ್ದ ಮನ್ನಣೆಯನ್ನು ಊಹಿಸಬಹುದು.

ಆದರೆ ಈ ಚಿತ್ರಕ್ಕೆ ಇನ್ನೊಂದು ಮಗ್ಗುಲೂ ಇತ್ತು. ಹೆಸರಿಗೆ ಹವ್ಯಾಸಿಗಳಾಗಿದ್ದವರಲ್ಲಿ ಅನೇಕರಿಗೆ ಗುಟ್ಟಾಗಿ ಹಣ ಸಲ್ಲುತ್ತಿತ್ತು. ಪಂದ್ಯ ಮುಗಿಸಿ ಬಂದ ಆಟಗಾರನ ಬೂಟಿನೊಳಗೆ ನೋಟುಗಳನ್ನು ಇಡುವ ವಾಡಿಕೆಯಿಂದಾಗಿ ಅದಕ್ಕೆ ‘ಬೂಟಿನ ಹಣ’ ಎಂಬ ಹೆಸರೇ ಬಂದಿತ್ತು. ಎಲ್ಲರಿಗೂ ತಿಳಿದಿದ್ದ ಸುಳ್ಳನ್ನು ಲೆಕ್ಕದ ಪುಸ್ತಕದಲ್ಲಿ ಮಾತ್ರ ಮರೆಮಾಚುವ ಈ ಸ್ಥಿತಿಗೆ 1974ರಲ್ಲಿ ಅಸೋಸಿಯೇಷನ್ ತೆರೆ ಎಳೆಯಿತು. ಹವ್ಯಾಸಿ, ವೃತ್ತಿಪರ ಎಂಬ ಭೇದವನ್ನು ತೆಗೆದುಹಾಕಿ ಎಲ್ಲರನ್ನೂ ಕೇವಲ ‘ಆಟಗಾರರು’ ಎಂದು ಕರೆಯಲಾಯಿತು. ಅಮೆಚೂರ್ ಕಪ್ ಆ ವರ್ಷವೇ ಕೊನೆಗೊಂಡು, ಅದರ ಸ್ಥಾನದಲ್ಲಿ ಸಣ್ಣ ಸಂಘಗಳಿಗಾಗಿ ವಾಸ್ ಎಂಬ ಸ್ಪರ್ಧೆ ಆರಂಭವಾಯಿತು. ನಿಯಮದಲ್ಲಿ ಹವ್ಯಾಸಿ ಎಂಬ ಪದ ಅಳಿಸಿಹೋದರೂ ಆಚರಣೆಯಲ್ಲಿ ಹವ್ಯಾಸಿಗಳು ಉಳಿದಿದ್ದಾರೆ. ನಡುವಿನ ಮೆಟ್ಟಿಲುಗಳಲ್ಲಿ ಬೇರೆ ಉದ್ಯೋಗ ಮಾಡುತ್ತಲೇ ಆಟಕ್ಕೆ ಅಲ್ಪ ಸಂಭಾವನೆ ಪಡೆಯುವವರಿದ್ದಾರೆ; ತಳದ ಮೆಟ್ಟಿಲುಗಳಲ್ಲಿಯಾದರೋ ಆಟಗಾರನೇ ತನ್ನ ಜೇಬಿನಿಂದ ವಂತಿಗೆ ಕೊಟ್ಟು ಆಡುತ್ತಾನೆ.

ಮೆಟ್ಟಿಲುಗಳ ರಚನೆ

ಇಂಗ್ಲೆಂಡಿನ ಮೇಲಿನ ನಾಲ್ಕು ಡಿವಿಜನ್‌ಗಳಲ್ಲಿರುವ ಸಂಘಗಳು 92. ಅವುಗಳ ಕೆಳಗೆ ಅಸೋಸಿಯೇಷನ್ನಿನ ಮೇಲ್ವಿಚಾರಣೆಯಲ್ಲಿ ನ್ಯಾಷನಲ್ ಲೀಗ್ ವ್ಯವಸ್ಥೆಯ ಆರು ಮೆಟ್ಟಿಲುಗಳಿವೆ. ಮೊದಲ ಮೆಟ್ಟಿಲಿನಲ್ಲಿ ಇಡೀ ದೇಶಕ್ಕೆ 24 ತಂಡಗಳ ಒಂದೇ ಡಿವಿಜನ್, ಎರಡನೆಯದರಲ್ಲಿ ಉತ್ತರ, ದಕ್ಷಿಣವೆಂದು ಎರಡು, ಮೂರನೆಯದರಲ್ಲಿ ನಾಲ್ಕು, ನಾಲ್ಕನೆಯದರಲ್ಲಿ ಎಂಟು. 2021ರ ಪುನರ್ವಿಂಗಡಣೆಯಲ್ಲಿ ಐದನೆಯ ಮೆಟ್ಟಿಲಿಗೆ ಹದಿನಾರು, ಆರನೆಯದಕ್ಕೆ ಹದಿನೇಳು ಡಿವಿಜನ್‌ಗಳಾದವು. ಅದಕ್ಕೂ ಕೆಳಗೆ ಕೌಂಟಿ ಮಟ್ಟದ, ಪಟ್ಟಣ ಮಟ್ಟದ ಲೀಗುಗಳು ಹರಡಿಕೊಂಡಿವೆ. ಈ ವಿಂಗಡಣೆಯ ಹಿಂದೆ ಪ್ರಯಾಣ ವೆಚ್ಚದ ಲೆಕ್ಕಾಚಾರವಿದೆ. ಕೆಳಗಿಳಿದಂತೆಲ್ಲ ಡಿವಿಜನ್ನಿನ ವ್ಯಾಪ್ತಿ ಕಿರಿದಾಗುತ್ತದೆ. ಬಡ ಸಂಘವೊಂದು ನೂರಾರು ಮೈಲಿ ಪ್ರಯಾಣಿಸಬೇಕಾದ ಪ್ರಮೇಯ ಬಾರದು.

ಗೆದ್ದವರಿಗೆ ಮೂರು ಅಂಕ, ಸಮ ಮಾಡಿಕೊಂಡವರಿಗೆ ಒಂದು ಅಂಕ. ಇಂದು ಜಗತ್ತಿನಾದ್ಯಂತ ರೂಢಿಯಲ್ಲಿರುವ ಈ ಎಣಿಕೆಯನ್ನು ಇಸ್ತ್ಮಿಯನ್ ಲೀಗು 1973ರಲ್ಲಿಯೇ ಅಳವಡಿಸಿಕೊಂಡಿತ್ತು. ದೊಡ್ಡವರ ಫುಟ್‌ಬಾಲ್ ಲೀಗು ಅದನ್ನು ಒಪ್ಪಿದ್ದು 1981ರಲ್ಲಿ. ಋತುವಿನ ಕೊನೆಯಲ್ಲಿ ಅಗ್ರಸ್ಥಾನ ಪಡೆದವರಿಗೆ ಬಡ್ತಿ, ತಳದಲ್ಲಿ ಉಳಿದವರಿಗೆ ಹಿಂಬಡ್ತಿ. ಆದರೆ ಬಡ್ತಿಗೆ ಆಟದ ಗೆಲುವೊಂದೇ ಸಾಲದು. ಮೈದಾನಕ್ಕೆ ಬೇಲಿ, ರಾತ್ರಿ ಪಂದ್ಯಕ್ಕೆ ಹೊನಲು ಬೆಳಕು, ಪ್ರೇಕ್ಷಕರಿಗೆ ನೆರಳಿನ ಆಸನ, ತೀರ್ಪುಗಾರರಿಗೆ ಪ್ರತ್ಯೇಕ ಕೊಠಡಿ ಮುಂತಾದ ಸೌಕರ್ಯಗಳು ಆಯಾ ಮೆಟ್ಟಿಲಿಗೆ ವಿಧಿಸಿದ ಮಟ್ಟದಲ್ಲಿರಬೇಕು. ಆಟದಲ್ಲಿ ಗೆದ್ದರೂ ಮೈದಾನದ ಕೊರತೆಯಿಂದ ಮೇಲೇರಲಾರದ ಸಂಘಗಳುಂಟು. ಆಗ ಊರಿನವರ ಮುಂದೆ ಚಂದಾ ಪುಸ್ತಕ ಹಿಡಿಯದೆ ಅನ್ಯಮಾರ್ಗವಿಲ್ಲ.

ಒಂದು ಶನಿವಾರದ ಹಿಂದಿನ ದುಡಿಮೆ

ಶನಿವಾರ ಮಧ್ಯಾಹ್ನ ಮೂರು ಗಂಟೆಗೆ ತೀರ್ಪುಗಾರನ ಸೀಟಿ ಮೊಳಗುತ್ತದೆ. ಅದರ ಹಿಂದಿನ ಸಿದ್ಧತೆ ವಾರವಿಡೀ ನಡೆದಿರುತ್ತದೆ. ಸಂಘದ ಕಾರ್ಯದರ್ಶಿ ಆಟಗಾರರ ಹೆಸರುಗಳನ್ನು ಲೀಗಿನಲ್ಲಿ ನೋಂದಾಯಿಸಬೇಕು. ಎದುರಾಳಿ ಸಂಘಕ್ಕೂ ತೀರ್ಪುಗಾರರಿಗೂ ಸ್ಥಳ, ಸಮಯ, ಉಡುಪಿನ ಬಣ್ಣ ತಿಳಿಸಿ ಖಚಿತಪಡಿಸಿಕೊಳ್ಳಬೇಕು. ಪಂದ್ಯ ಮುಗಿದೊಡನೆ ಫಲಿತಾಂಶ ಕಳುಹಿಸಬೇಕು. ನೋಂದಣಿಯಾಗದ ಒಬ್ಬನನ್ನು ಕಣಕ್ಕಿಳಿಸಿದರೂ ಗಳಿಸಿದ ಅಂಕಗಳು ಕೈಬಿಟ್ಟುಹೋಗಬಹುದು. ಮಳೆಗಾಲ, ಚಳಿಗಾಲಗಳಲ್ಲಿ ಮೈದಾನ ಕೆಸರಾದರೆ ಅಥವಾ ಹೆಪ್ಪುಗಟ್ಟಿದರೆ ಪಂದ್ಯ ಮುಂದಕ್ಕೆ ಹೋಗುತ್ತದೆ; ಹೀಗೆ ಉಳಿದ ಪಂದ್ಯಗಳೆಲ್ಲ ಋತುವಿನ ಕೊನೆಯ ವಾರಗಳಲ್ಲಿ ಒಟ್ಟಾಗಿ ಬಂದು ಎರಗುತ್ತವೆ. ಹುಲ್ಲು ಕತ್ತರಿಸಿ ಸುಣ್ಣದ ಗೆರೆ ಎಳೆಯುವವರು, ಬಲೆ ಕಟ್ಟುವವರು, ಬಾಗಿಲಲ್ಲಿ ಟಿಕೆಟು ಹರಿಯುವವರು, ಚಹಾ ಕಾಯಿಸಿ ಹಂಚುವವರು, ಕೊನೆಗೆ ಕೆಸರು ಮೆತ್ತಿದ ಉಡುಪುಗಳನ್ನು ಒಗೆಯುವವರು ಬಹುಮಟ್ಟಿಗೆ ಸಂಬಳವಿಲ್ಲದ ಸೇವಕರೇ. ಪ್ರವೇಶ ಶುಲ್ಕ, ಚಹಾದಂಗಡಿಯ ಲಾಭ, ಊರಿನ ವ್ಯಾಪಾರಿಗಳ ಜಾಹೀರಾತು, ಅಭಿಮಾನಿಗಳ ದೇಣಿಗೆ ಇವುಗಳಿಂದಲೇ ಆದಾಯ. ಸೇವೆ ಮಾಡುವವರು ಹಿಂದೆಗೆದರೆ, ಆಟಗಾರರೆಷ್ಟೇ ಸಮರ್ಥರಿದ್ದರೂ ಸಂಘ ಬಾಳದು.

ತೆರೆದ ಬಾಗಿಲು

ಇಷ್ಟು ಶ್ರಮಕ್ಕೆ ಜನರನ್ನು ಪ್ರೇರೇಪಿಸುವುದು ಯಾವುದು? ಆಟದ ಪ್ರೀತಿ ಒಂದು. ಅರ್ಹತೆಯಿದ್ದರೆ ಮೇಲೇರಬಹುದೆಂಬ ಭರವಸೆ ಇನ್ನೊಂದು. ಈ ಭರವಸೆ ಸುಲಭವಾಗಿ ದೊರೆತದ್ದಲ್ಲ. ದೀರ್ಘಕಾಲ ಫುಟ್‌ಬಾಲ್ ಲೀಗಿಗೆ ಹೊಸ ಸಂಘ ಸೇರಬೇಕಾದರೆ ಸದಸ್ಯರ ಮತದಾನದಲ್ಲಿ ಗೆಲ್ಲಬೇಕಿತ್ತು. ಒಳಗಿದ್ದವರು ಒಳಗಿದ್ದವರಿಗೇ ಮತ ಹಾಕುವುದು ಸಹಜವಾಗಿ, ಯೋಗ್ಯ ಸಂಘಗಳೆಷ್ಟೋ ಹೊಸ್ತಿಲಲ್ಲಿಯೇ ನಿಂತವು. 1987ರಲ್ಲಿ ಈ ಪದ್ಧತಿ ಕೊನೆಗೊಂಡು, ಗೆಲುವಿನ ಬಲದಿಂದಲೇ ಒಳಗೆ ಕಾಲಿಟ್ಟ ಮೊದಲ ಸಂಘವೆಂಬ ಕೀರ್ತಿ ಸ್ಕಾರ್‌ಬರೋ ಸಂಘಕ್ಕೆ ಸಂದಿತು.

ಈ ಬಾಗಿಲಿನ ಬೆಲೆ ಏನೆಂಬುದನ್ನು ವಿಂಬಲ್ಡನ್ ಸಂಘದ ಚರಿತ್ರೆ ಮನಗಾಣಿಸುತ್ತದೆ. 1963ರಲ್ಲಿ ಅಮೆಚೂರ್ ಕಪ್ ಗೆದ್ದ ಆ ಸಂಘ 1977ರಲ್ಲಿ ಫುಟ್‌ಬಾಲ್ ಲೀಗಿಗೆ ಆಯ್ಕೆಯಾಗಿ, 1988ರಲ್ಲಿ ಬಲಾಢ್ಯ ಲಿವರ್‌ಪೂಲ್ ತಂಡವನ್ನು 1-0ರಿಂದ ಮಣಿಸಿ ಎಫ್.ಎ. ಕಪ್ಪನ್ನೇ ಗೆದ್ದಿತು. 2002ರಲ್ಲಿ ಸಂಘವನ್ನು ದೂರದ ಮಿಲ್ಟನ್ ಕೀನ್ಸ್ ಪಟ್ಟಣಕ್ಕೆ ಸ್ಥಳಾಂತರಿಸಲು ಅದರ ಒಡೆಯರಿಗೆ ಅನುಮತಿ ದೊರೆಯಿತು. ತಲೆಮಾರುಗಳಿಂದ ಬೆಂಬಲಿಸಿದ ಊರಿನವರು ಬರಿಗೈಯಾದರು. ಅವರು ಕೈಕಟ್ಟಿ ಕೂರಲಿಲ್ಲ. ಊರಿನ ಬಯಲಿನಲ್ಲಿ ಆಟಗಾರರನ್ನು ಪರೀಕ್ಷಿಸಿ ಆರಿಸಿ, ಬೆಂಬಲಿಗರ ಒಡೆತನದಲ್ಲಿಯೇ ಎ.ಎಫ್.ಸಿ. ವಿಂಬಲ್ಡನ್ ಎಂಬ ಹೊಸ ಸಂಘವನ್ನು ಕಟ್ಟಿ, ತಳದ ಕಂಬೈನ್ಡ್ ಕೌಂಟೀಸ್ ಲೀಗಿನಿಂದ ಮೊದಲು ಮಾಡಿದರು. ಒಂಬತ್ತು ವರ್ಷಗಳಲ್ಲಿ ಐದು ಬಡ್ತಿಗಳನ್ನು ಪಡೆದು 2011ರಲ್ಲಿ ಫುಟ್‌ಬಾಲ್ ಲೀಗನ್ನು ಸೇರಿದರು. 2020ರಲ್ಲಿ ತಮ್ಮ ಹಳೆಯ ನೆಲೆಯಾದ ಪ್ಲೋ ಲೇನ್‌ಗೆ ಮರಳಿದರು. ಕೆಳಗಿನ ಮೆಟ್ಟಿಲುಗಳು ಇಲ್ಲದಿದ್ದರೆ, ಅಥವಾ ಅವುಗಳ ಮೇಲಿನ ಬಾಗಿಲು ಮುಚ್ಚಿದ್ದರೆ, ಆ ಊರಿಗೆ ಕಳೆದುಹೋದ ತಂಡ ಮತ್ತೆ ಸಿಗುತ್ತಿರಲಿಲ್ಲ.

ಎದುರಾದ ಕಷ್ಟಗಳು

ಬಾಗಿಲು ತೆರೆದಿದ್ದರೂ ದಾರಿ ನಿಷ್ಕಂಟಕವಲ್ಲ. 2019-20ರ ಋತುವಿನಲ್ಲಿ ಜರ್ಸಿ ದ್ವೀಪದ ಜರ್ಸಿ ಬುಲ್ಸ್ ತಂಡ ತನ್ನ ಲೀಗಿನಲ್ಲಿ ಆಡಿದ 27 ಪಂದ್ಯಗಳನ್ನೂ ಗೆದ್ದಿತ್ತು. ಅಷ್ಟರಲ್ಲಿ ಕೋವಿಡ್ ಮಹಾಮಾರಿ ಎರಗಿತು. ಮೂರನೆಯ ಮೆಟ್ಟಿಲು ಮತ್ತು ಅದರ ಕೆಳಗಿನ ಎಲ್ಲ ಫಲಿತಾಂಶಗಳನ್ನೂ 2020ರ ಮಾರ್ಚಿನಲ್ಲಿ ರದ್ದುಗೊಳಿಸಲಾಯಿತು. ಒಂದು ಪಂದ್ಯವನ್ನೂ ಸೋಲದ ತಂಡಕ್ಕೆ ಬಡ್ತಿ ದೊರೆಯಲಿಲ್ಲ. ಮರುವರ್ಷದ ಋತುವೂ ಅರ್ಧದಲ್ಲಿಯೇ ನಿಂತ ಮೇಲೆ, ಎರಡು ಋತುಗಳ ಸಾಧನೆಯನ್ನು ಒಟ್ಟಾಗಿ ಪರಿಗಣಿಸಿ 2021ರಲ್ಲಿ ಅದನ್ನು ಮೇಲಕ್ಕೇರಿಸಲಾಯಿತು. ಆ ಸಂಕಟದ ನಡುವೆಯೇ, 2021ರ ಜನವರಿಯಲ್ಲಿ, ಎಂಟನೆಯ ಸ್ತರದ ಮರೀನ್ ಸಂಘಕ್ಕೆ ಎಫ್.ಎ. ಕಪ್ಪಿನಲ್ಲಿ ಟಾಟೆನ್‌ಹ್ಯಾಮ್ ತಂಡ ಎದುರಾಯಿತು. ಪಂದ್ಯದಲ್ಲಿ ಐದು ಗೋಲುಗಳ ಸೋಲು. ಪ್ರೇಕ್ಷಕರಿಗೆ ಪ್ರವೇಶವೂ ಇಲ್ಲ. ಆದರೂ ಬರಲಾಗದ ಪಂದ್ಯಕ್ಕೆ 30,000ಕ್ಕೂ ಹೆಚ್ಚು ಟಿಕೆಟುಗಳನ್ನು ಜನರು ಕೊಂಡು ಸಂಘವನ್ನು ಉಳಿಸಿದರು.

ರೋಗಕ್ಕಿಂತಲೂ ಬಹುಕಾಲದಿಂದ ಕಾಡುತ್ತಿರುವ ಪಿಡುಗು ತೀರ್ಪುಗಾರರ ಮೇಲಿನ ನಿಂದನೆ, ಹಲ್ಲೆಗಳದು. ಅಲ್ಪ ಸಂಭಾವನೆಗೆ ದುಡಿಯುವ ತರುಣ ತೀರ್ಪುಗಾರರು ಬೈಗುಳಕ್ಕೆ ಬೇಸತ್ತು ಸೀಟಿಯನ್ನು ಕೆಳಗಿಟ್ಟರೆ ಪಂದ್ಯವೇ ನಿಲ್ಲುತ್ತದೆ. 2023ರಲ್ಲಿ ಕೆಲವು ಪ್ರದೇಶಗಳ ಹವ್ಯಾಸಿ ಲೀಗುಗಳಲ್ಲಿ ತೀರ್ಪುಗಾರರ ಮೈಗೆ ಕ್ಯಾಮೆರಾ ತೊಡಿಸುವ ಪ್ರಯೋಗವನ್ನು ಅಸೋಸಿಯೇಷನ್ ಕೈಗೊಳ್ಳಬೇಕಾಯಿತೆಂಬುದು ಆಟಕ್ಕೆ ಶೋಭೆ ತರುವ ಸಂಗತಿಯಲ್ಲ.

ನಮ್ಮ ನಾಡಿನ ನಿದರ್ಶನ

ಆಂಗ್ಲರೊಡನೆ ಈ ಪದ್ಧತಿ ಭಾರತಕ್ಕೂ ಬಂದಿತು. ಕಲ್ಕತ್ತಾದ ಲೀಗು ಆರಂಭವಾದುದು 1898ರಲ್ಲಿ. ಆದರೆ ಅದರ ಮೊದಲ ಡಿವಿಜನ್‌ನಲ್ಲಿ ಎರಡಕ್ಕಿಂತ ಹೆಚ್ಚು ಭಾರತೀಯ ತಂಡಗಳಿರಕೂಡದೆಂಬ ನಿರ್ಬಂಧವಿತ್ತು. 1924ರಲ್ಲಿ ಎರಡನೆಯ ಡಿವಿಜನ್ನಿನ ಅಗ್ರಸ್ಥಾನವನ್ನು ಹಂಚಿಕೊಂಡ ಈಸ್ಟ್ ಬೆಂಗಾಲ್ ಸಂಘಕ್ಕೆ ಈ ಗೋಡೆ ಅಡ್ಡವಾಯಿತು. ಪ್ರತಿಭಟನೆಯ ಫಲವಾಗಿ ನಿರ್ಬಂಧ ಸಡಿಲಿ, 1925ರಲ್ಲಿ ಅದು ಮೇಲೇರಿತು. ಬಾಗಿಲು ತೆರೆದುದರ ಫಲ ಬೇಗನೆ ಕಂಡಿತು. ಕೆಳಗಿನ ಡಿವಿಜನ್‌ನಿಂದ ಬಡ್ತಿ ಪಡೆದ ಮೊಹಮ್ಮಡನ್ ಸ್ಪೋರ್ಟಿಂಗ್ ಸಂಘ 1934ರಿಂದ 1938ರವರೆಗೆ ಸತತ ಐದು ವರ್ಷ ಲೀಗನ್ನು ಗೆದ್ದಿತು. ಆ ಪ್ರಬಲ ತಂಡವನ್ನು 1937ರ ರೋವರ್ಸ್ ಕಪ್ ಅಂತಿಮ ಪಂದ್ಯದಲ್ಲಿ ಸೋಲಿಸಿದ್ದು ನಮ್ಮ ಬೆಂಗಳೂರು ಮುಸ್ಲಿಮ್ಸ್ ತಂಡ. ಅಲ್ಲಿಯವರೆಗೆ ಯಾವ ಭಾರತೀಯ ತಂಡಕ್ಕೂ ದಕ್ಕದಿದ್ದ ಆ ಬಟ್ಟಲನ್ನು ಅದು ಮರುವರ್ಷವೂ ಉಳಿಸಿಕೊಂಡಿತು. ಬೆಂಗಳೂರಿನ ಲೀಗಿನಲ್ಲಿಯೂ ಸೂಪರ್ ಡಿವಿಜನ್ನಿನ ಕೆಳಗೆ ಎ, ಬಿ, ಸಿ ಎಂಬ ಮೆಟ್ಟಿಲುಗಳಿವೆ. 2014ರಲ್ಲಿ ಆರಂಭವಾದ ಇಂಡಿಯನ್ ಸೂಪರ್ ಲೀಗಿಗೆ ಕೆಳಗಿನಿಂದ ಏರುವ ದಾರಿ ಬಹುವರ್ಷ ಇರಲಿಲ್ಲ. ಐ-ಲೀಗ್ ಗೆದ್ದು 2023ರಲ್ಲಿ ಪಂಜಾಬ್ ಎಫ್.ಸಿ., 2024ರಲ್ಲಿ ಅದೇ ಮೊಹಮ್ಮಡನ್ ಸ್ಪೋರ್ಟಿಂಗ್ ಒಳಗೆ ಕಾಲಿಟ್ಟವು.

ಕೆಳಗಿನ ಲೀಗುಗಳ ಈ ಚರಿತ್ರೆಯಿಂದ ಎರಡು ಮಾತುಗಳು ಸ್ಪಷ್ಟವಾಗುತ್ತವೆ. ಅರ್ಹತೆಯುಳ್ಳವನಿಗೆ ಮೇಲಿನ ಬಾಗಿಲು ತೆರೆದಿರಬೇಕು. ಅಲ್ಲಿಯವರೆಗಿನ ಮೆಟ್ಟಿಲುಗಳನ್ನು ಯಾರಾದರೂ ಗುಡಿಸಿ ಸಾರಿಸಿ ಸುಸ್ಥಿತಿಯಲ್ಲಿಡಬೇಕು. ಮೊದಲನೆಯದು ನಿಯಮದಿಂದ ಆಗುವ ಕೆಲಸ, ಎರಡನೆಯದು ನಿಸ್ಪೃಹ ಸೇವೆಯಿಂದ ಮಾತ್ರ ಆಗುವ ಕೆಲಸ. ಶಾಲೆಯ ಬಯಲಿನಲ್ಲಿ ಇಂದು ಚೆಂಡನ್ನು ಒದೆಯುವ ಬಾಲಕ ನಾಳೆ ಯಾವ ಮೆಟ್ಟಿಲನ್ನು ಏರುವನೋ ಹೇಳಲಾಗದು. ಆದರೆ ಆ ಬಯಲನ್ನು ಸಮಗೊಳಿಸಿ, ಗೆರೆ ಎಳೆದು, ಸಂಜೆ ನಿಂತು ಆಡಿಸುವ ಅಧ್ಯಾಪಕರೂ, ಬಲೆಗೆ ಚೆಂಡಿಗೆ ಹಣ ನೀಡುವ ದಾನಿಗಳೂ, ಬಿಡುವಿನಲ್ಲಿ ಬಂದು ಸೀಟಿ ಹಿಡಿಯುವ ಹಳೆಯ ವಿದ್ಯಾರ್ಥಿಗಳೂ ಇಲ್ಲದಿದ್ದರೆ ಅವನ ಮೊದಲ ಮೆಟ್ಟಿಲೇ ಇರುವುದಿಲ್ಲ. ತೇರು ನೆಲೆ ಮುಟ್ಟುವುದು ಸನ್ನೆ ಕೊಡುವ ಕೈಗಳಿಂದಲೇ.