ನಾಯಿಯೊಡನೆ ಹೈಲ್ಯಾಂಡ್ಸ್‌ಗೆ ಹೋದ ಬಂಡಿಮನೆ

ಬ್ರಿಟನ್ನಿನ ಕುಟುಂಬಗಳು ರಜೆ ಬಂದೊಡನೆ ಕಾರಿನ ಹಿಂದೆ ಕ್ಯಾರವಾನನ್ನು, ಅಂದರೆ ಮಲಗಲೂ ಅಡುಗೆ ಮಾಡಲೂ ಅನುಕೂಲವಿರುವ ಗಾಲಿಯ ಮನೆಯನ್ನು, ಕಟ್ಟಿಕೊಂಡು ಸಾಕುನಾಯಿಯೊಡನೆ ಸ್ಕಾಟ್ಲೆಂಡಿನ ಉತ್ತರದ ಗುಡ್ಡಗಾಡಾದ ಹೈಲ್ಯಾಂಡ್ಸ್‌ನತ್ತ ಹೊರಡುವುದು ಈಚಿನ ಪ್ರವಾಸೋದ್ಯಮ ಹುಟ್ಟುಹಾಕಿದ ರೂಢಿಯೆಂದು ತೋರಬಹುದು. ಆದರೆ ವಿಹಾರಕ್ಕೆಂದೇ ಕಟ್ಟಿಸಿದ ಮೊದಲ ಕ್ಯಾರವಾನೆಂದು ಸಾಮಾನ್ಯವಾಗಿ ಗುರುತಿಸಲಾಗುವ ಬಂಡಿಯೇ 1885ರಲ್ಲಿ ನಾಯಿಯೊಂದನ್ನು ಕರೆದುಕೊಂಡು ಇದೇ ಸೀಮೆಗೆ ಹೋಗಿತ್ತು.

ಅದನ್ನು ಕಟ್ಟಿಸಿದವರು ವಿಲಿಯಂ ಗಾರ್ಡನ್ ಸ್ಟೇಬಲ್ಸ್. ಸ್ಕಾಟ್ಲೆಂಡಿನಲ್ಲಿ ಹುಟ್ಟಿ, ನೌಕಾಪಡೆಯಲ್ಲಿ ವೈದ್ಯರಾಗಿದ್ದು, ನಿವೃತ್ತಿಯ ಬಳಿಕ ಹುಡುಗರಿಗಾಗಿ ಸಾಹಸಕಥೆಗಳನ್ನು ಬರೆದ ಅವರು ನಾಯಿ, ಬೆಕ್ಕುಗಳ ಸಾಕಣೆಯ ಬಗ್ಗೆಯೂ ಪುಸ್ತಕಗಳನ್ನು ರಚಿಸಿದ್ದರು. ಜಿಪ್ಸಿಗಳೆಂದು ಕರೆಯಲಾಗುತ್ತಿದ್ದ ರೊಮಾನಿ ಜನರ ವಸತಿಬಂಡಿಗಳು ಅವರಿಗೆ ಪ್ರೇರಣೆ. ಒಂದು ಸಮುದಾಯದ ಪಾಲಿಗೆ ಬದುಕಿನ ಅನಿವಾರ್ಯವಾಗಿದ್ದ ಅಲೆದಾಟವನ್ನು ಉಳ್ಳವರು ಹವ್ಯಾಸವಾಗಿಸಿಕೊಂಡ ಕಥೆಯೂ ಇದೇ ಎಂಬುದನ್ನು ಮರೆಯುವಂತಿಲ್ಲ. ಬ್ರಿಸ್ಟಲ್‌ನ ಗಾಡಿ ಕಾರ್ಖಾನೆಯಲ್ಲಿ ಮಹಾಗನಿ ಮತ್ತು ಮೇಪಲ್ ಮರದಿಂದ ತಯಾರಾದ 'ವಾಂಡರರ್' ಹೆಸರಿನ ಆ ಬಂಡಿ ಸುಮಾರು 18 ಅಡಿ ಉದ್ದವಿದ್ದು, ಸಾಮಾನು ತುಂಬಿದಾಗ ಎರಡು ಟನ್ನಿನಷ್ಟು ತೂಗುತ್ತಿತ್ತು. ಅದನ್ನು ಎಳೆಯಲು ಎರಡು ಕುದುರೆಗಳು ಬೇಕಿದ್ದವು. ಒಳಗಿದ್ದ ಸಹವಾಸಿಗಳೆಂದರೆ ಹರಿಕೇನ್ ಬಾಬ್ ಎಂಬ ಭಾರೀ ಗಾತ್ರದ ನ್ಯೂಫೌಂಡ್‌ಲ್ಯಾಂಡ್ ನಾಯಿ ಮತ್ತು ಒಂದು ಕಾಕಟೂ ಗಿಳಿ. ಸಾರಥಿ ಕುದುರೆಗಳನ್ನು ನೋಡಿಕೊಂಡರೆ, ಸೇವಕನು ಮೂರು ಗಾಲಿಯ ಸೈಕಲ್ಲಿನಲ್ಲಿ ಮುಂದೆ ಸಾಗಿ, ಕಿರುದಾರಿಯಲ್ಲಿ ಎದುರಾಗುವವರಿಗೆ ಹಿಂದೆ ದೊಡ್ಡ ಬಂಡಿ ಬರುತ್ತಿದೆಯೆಂದು ಎಚ್ಚರಿಕೆ ಕೊಡುತ್ತಿದ್ದನು. ಇಂಗ್ಲೆಂಡಿನ ಬರ್ಕ್‌ಷೈರ್ ಪ್ರಾಂತದ ಟ್ವೈಫರ್ಡ್‌ನಿಂದ ಹೊರಟು, ಗ್ರಾಂಪಿಯನ್ ಬೆಟ್ಟಸಾಲನ್ನು ದಾಟಿ ಇನ್‌ವರ್ನೆಸ್ ತಲುಪಿದ ಈ ಯಾತ್ರೆಯ ವೃತ್ತಾಂತ 1886ರಲ್ಲಿ ಪುಸ್ತಕವಾಗಿ ಬಂದಿತು. 1907ರಲ್ಲಿ ಕ್ಯಾರವಾನ್ ಕ್ಲಬ್ ಸ್ಥಾಪನೆಯಾದಾಗ ಸ್ಟೇಬಲ್ಸ್ ಅದರ ಉಪಾಧ್ಯಕ್ಷರಾದರು.

ಕುದುರೆಯ ಜಾಗಕ್ಕೆ ಮೋಟಾರು ಬಂದದ್ದು ಮೊದಲ ಮಹಾಯುದ್ಧದ ನಂತರ. ಬರ್ಮಿಂಗ್‌ಹ್ಯಾಮ್‌ನ ಎಕಲ್ಸ್ ಸಂಸ್ಥೆ 1919ರಿಂದ ಕಾರು ಎಳೆಯುವಂಥ ಕ್ಯಾರವಾನ್‌ಗಳನ್ನು ತಯಾರಿಸತೊಡಗಿ, ಹವ್ಯಾಸವು ಕ್ರಮೇಣ ಮಧ್ಯಮ ವರ್ಗದ ಕೈಗೆಟುಕಿತು.

ಇಂದು ಆ ದಾರಿ ಹಿಡಿಯುವವರು ಮೊದಲು ಅರಿಯಬೇಕಾದದ್ದು ಕಾನೂನಿನ ಒಂದು ಸೂಕ್ಷ್ಮ. ಸ್ಕಾಟ್ಲೆಂಡಿನ 2003ರ ಭೂಸುಧಾರಣಾ ಕಾಯ್ದೆಯು ಹೊಣೆಯರಿತು ನಡೆದುಕೊಳ್ಳುವ ಎಲ್ಲರಿಗೂ ಬಹುಪಾಲು ಬಯಲು, ಬೆಟ್ಟ, ಕೆರೆದಂಡೆಗಳಲ್ಲಿ ಸಂಚರಿಸುವ ಹಕ್ಕನ್ನು ನೀಡಿದ್ದು, ಹತೋಟಿಯಲ್ಲಿರುವ ನಾಯಿಯೊಡನೆ ನಡೆಯುವವರಿಗೂ ಅದು ಅನ್ವಯಿಸುತ್ತದೆ. ಆದರೆ ಮೋಟಾರು ವಾಹನಗಳಿಗೆ ಆ ಹಕ್ಕಿಲ್ಲವಾದ್ದರಿಂದ, ಕ್ಯಾರವಾನನ್ನು ಕಂಡ ಕಂಡ ಕೆರೆಯಂಚಿನಲ್ಲಿ ನಿಲ್ಲಿಸುವಂತಿಲ್ಲ, ತಂಗುದಾಣವನ್ನು ಮುಂಚೆಯೇ ಕಾದಿರಿಸಬೇಕು. ಅಲ್ಲಿನ ಕಿರಿದಾದ ರಸ್ತೆಗಳಲ್ಲಿ ಒಂದೇ ವಾಹನ ಹಿಡಿಸುವುದರಿಂದ, ಎದುರಿನವರಿಗೆ ದಾರಿ ಬಿಡಲು ಅಲ್ಲಲ್ಲಿ ರಸ್ತೆಯನ್ನು ಅಗಲಿಸಿರುತ್ತಾರೆ. ಆ ಜಾಗದಲ್ಲಿ ಗಾಡಿ ನಿಲ್ಲಿಸಿ ಚಿತ್ರ ತೆಗೆಯುವುದನ್ನು ಸ್ಥಳೀಯರು ಸಹಿಸುವುದಿಲ್ಲ, ಅದು ನ್ಯಾಯವೂ ಹೌದು. 626 ಮೀಟರ್ ಎತ್ತರಕ್ಕೇರುವ, ಹಿಮ್ಮುರಿ ತಿರುವುಗಳ ಬೆಲಾಖ್ ನ ಬಾ ಘಾಟಿಯಂತೂ ಕ್ಯಾರವಾನ್‌ಗೆ ತಕ್ಕ ದಾರಿಯೇ ಅಲ್ಲ.

ನಾಯಿಯ ವಿಷಯದಲ್ಲಿ ಯೋಜನೆಯೆಲ್ಲ ಋತುವನ್ನು ಅವಲಂಬಿಸಿದೆ. ವಸಂತದಲ್ಲಿ ಕುರಿಗಳು ಮರಿ ಹಾಕುತ್ತವೆ. ಏಪ್ರಿಲ್‌ನಿಂದ ಜುಲೈವರೆಗೆ ಹಲವು ಹಕ್ಕಿಗಳು ನೆಲದ ಮೇಲೆಯೇ ಗೂಡು ಕಟ್ಟುತ್ತವೆ. ಆ ತಿಂಗಳುಗಳಲ್ಲಿ ನಾಯಿಯನ್ನು ಗಿಡ್ಡ ಹಗ್ಗದಲ್ಲಿ ಹಿಡಿದೇ ನಡೆಯಬೇಕಲ್ಲದೆ, ಮರಿಗಳಿರುವ ಹೊಲವನ್ನು ಹೊಗಲೇಬಾರದು. 2021ರಲ್ಲಿ ಬಿಗಿಗೊಂಡ ಕಾನೂನಿನಂತೆ, ಜಾನುವಾರುಗಳನ್ನು ಬೆನ್ನಟ್ಟುವ ಅಥವಾ ಕಚ್ಚುವ ನಾಯಿಯ ಒಡೆಯನಿಗೆ ಗರಿಷ್ಠ 40,000 ಪೌಂಡ್ ದಂಡ ಅಥವಾ 12 ತಿಂಗಳ ಸೆರೆ, ಇಲ್ಲವೇ ಎರಡನ್ನೂ ವಿಧಿಸಬಹುದು. ಬೇಸಿಗೆಯ ಸಂಜೆಗಳಲ್ಲಿ ಮಿಡ್ಜ್ ಎಂಬ ತೀರಾ ಚಿಕ್ಕ ನುಸಿಗಳು ಮನುಷ್ಯರನ್ನು ಹೊರಗೆ ಕೂರಗೊಡುವುದಿಲ್ಲ. ಜರೀಗಿಡದ ಪೊದೆಗಳಲ್ಲಿ ಉಣುಗುಗಳಿರುತ್ತವೆ. ಮಂಗನಕಾಯಿಲೆಯನ್ನು ಕಂಡಿರುವ ಮಲೆನಾಡಿನವರಿಗೆ ಉಣುಗಿನ ಅಪಾಯವನ್ನು ಬಿಡಿಸಿ ಹೇಳಬೇಕಿಲ್ಲ. ಅಲ್ಲಿ ಅದು ಹರಡುವುದು ಲೈಮ್ ಎಂಬ ರೋಗವನ್ನು. ಆದುದರಿಂದ ಪ್ರತಿ ಸಂಜೆ ನಾಯಿಯ ಕಿವಿಯ ಹಿಂಭಾಗ, ಕಂಕುಳು, ಕಾಲ್ಬೆರಳ ಸಂದುಗಳನ್ನು ಬೆರಳಿನಿಂದ ಸವರಿ ನೋಡಿ, ಕಚ್ಚಿ ಹಿಡಿದ ಉಣುಗನ್ನು ಚರ್ಮದ ಬುಡದಲ್ಲೇ ಹಿಡಿದು ತೆಗೆಯಬೇಕು. ಪಯಣದಲ್ಲಿ ನಾಯಿಯ ಸ್ಥಳ ಕಾರಿನೊಳಗೆ, ಪಟ್ಟಿ ಅಥವಾ ಪಂಜರದ ಭದ್ರತೆಯಲ್ಲಿ. ಹಿಂದೆ ಎಳೆದೊಯ್ಯುವ ಕ್ಯಾರವಾನ್‌ನಲ್ಲಿ ಅದನ್ನು ಕೂಡಿಹಾಕುವುದು ಸಲ್ಲದು.

ಈ ಎಲ್ಲವನ್ನೂ ತೂಗಿ ನೋಡಿದರೆ, ನಾಯಿಯುಳ್ಳವರಿಗೆ ಹೆಚ್ಚು ಹೊಂದುವ ಕಾಲ ಸೆಪ್ಟೆಂಬರಿನ ಉತ್ತರಾರ್ಧ ಮತ್ತು ಅಕ್ಟೋಬರಿನ ಮೊದಲ ದಿನಗಳು. ಆ ಹೊತ್ತಿಗೆ ಹಕ್ಕಿಮರಿಗಳು ಹಾರಿಹೋಗಿರುತ್ತವೆ, ನುಸಿಯ ಕಾಟ ತಗ್ಗಿರುತ್ತದೆ, ರಸ್ತೆಗಳಲ್ಲೂ ದಟ್ಟಣೆ ಕಡಿಮೆ. ಅನೇಕ ತಂಗುದಾಣಗಳು ಅಕ್ಟೋಬರ್ ಅಂತ್ಯದೊಳಗೆ ಬಾಗಿಲು ಹಾಕುವುದರಿಂದ, ಅವು ಮುಚ್ಚುವ ದಿನಾಂಕವನ್ನೂ ನಾಯಿಗಳಿಗೆ ಸಂಬಂಧಿಸಿದ ನಿಯಮಗಳನ್ನೂ ಕೇಳಿ ತಿಳಿದ ಮೇಲೆಯೇ ಮುಂಗಡ ಕಟ್ಟುವುದು ಲೇಸು.